ಪರೀಕ್ಷೆ ಬರೆದುಕೊಟ್ಟವ್ರಿಗೆ ಸನ್ಮಾನ ಮಾಡೋದು ಹೇಗೆ

ಡಿಸೆಂಬರ್ 3 ವಿಕಲಚೇತನರ ದಿನ, ಅವತ್ತು ನಿಮ್ಮ ಕಾಲೇಜಲ್ಲಿ ಕಾರ್ಯಕ್ರಮ ಇದ್ರೆ ಈ ಸಲ ಅಂಗವಿಕಲ ವಿದ್ಯಾರ್ಥಿಗಳು ಡಿಗ್ರಿ ಮುಗಿಸೋಕೆ ನೆರವಾದವ್ರನ್ನ ಕರೆದು ಗೌರವಿಸಿ. ಯಾರನ್ನ ಕರೀಬೇಕು ಅಂತ ಮಾತ್ರ ಕಮಿಟಿಯಲ್ಲಿ ತೀರ್ಮಾನ ಮಾಡ್ಬೇಡಿ, ಆ ವಿದ್ಯಾರ್ಥಿಗಳನ್ನೇ ಕೇಳಿ. ನೀವು ಊಹಿಸದ ಹೆಸರು ಬರ್ತವೆ: ಪಠ್ಯ ಓದಿ ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಟ್ಟ ರೂಮ್‌ಮೇಟ್, ಪುಸ್ತಕ ಸ್ಕ್ಯಾನ್ ಮಾಡಿಕೊಟ್ಟ ಲೈಬ್ರರಿಯವ್ರು, ಹಟ ಹಿಡಿದು ಕ್ಲಾಸನ್ನ ಕೆಳಗಿನ ರೂಮಿಗೆ ಹಾಕಿಸಿದ ಮೇಡಂ.

ಅಂಗವಿಕಲ ವಿದ್ಯಾರ್ಥಿ ಹೇಳಿದ ಉತ್ತರವನ್ನ ಪರೀಕ್ಷೆಯಲ್ಲಿ ಬರೆದುಕೊಡೋ ಸ್ಕ್ರೈಬ್‌ಗಳನ್ನಂತೂ ಬಿಡ್ಲೇಬೇಡಿ. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಇರೋದ್ರಿಂದ 3 ಗಂಟೆ ಪೇಪರು 4 ಗಂಟೆ ಆಗತ್ತೆ, ಅಷ್ಟೂ ಹೊತ್ತು ಇನ್ನೊಬ್ರು ಹೇಳಿದ್ದನ್ನ ಒಂದಕ್ಷರ ಹೆಚ್ಚು ಕಮ್ಮಿ ಮಾಡದೆ ಬರೀಬೇಕು, ಅದೂ ತಾನು ಓದದೇ ಇರೋ ಸಬ್ಜೆಕ್ಟು. ನನ್ನ ಬಿಎ ಪರೀಕ್ಷೆ ಬರೆದಿದ್ದು ಪಿಯು ಓದ್ತಿದ್ದ ಒಬ್ಳು ಹುಡುಗಿ, ಇತಿಹಾಸದ ಪೇಪರ್ ದಿನ ಜ್ವರ ಇಟ್ಕೊಂಡೇ ಬಂದಿದ್ಲು. ನಂಗೆ ಡಿಗ್ರಿ ಕೊಟ್ಟ ದಿನ ಅವ್ಳನ್ನ ಕರೀಬೇಕು ಅಂತ ಯಾರಿಗೂ ಹೊಳೀಲಿಲ್ಲ, ನಂಗೂ ಹೊಳೀಲಿಲ್ಲ, ಇವತ್ತಿಗೂ ಅದು ನೋವೇ. ಬೆಂಗಳೂರಿನ ಮಿತ್ರ ಜ್ಯೋತಿ, ಸಮರ್ಥನಂ ಥರದ ಸಂಸ್ಥೆಗಳನ್ನ ಕೇಳಿದ್ರೆ ಇಂಥ ಕೆಲಸ ಮಾಡೋ ಸ್ವಯಂಸೇವಕರು ಸಿಗ್ತಾರೆ.

ಆಹ್ವಾನ ಪತ್ರಿಕೆಯನ್ನ ಬರೀ ಫೋಟೋ ಮಾಡಿ ವಾಟ್ಸಾಪಲ್ಲಿ ಹಾಕ್ಬೇಡಿ, ಫೋನಲ್ಲಿರೋ ಅಕ್ಷರಗಳನ್ನ ಓದಿ ಹೇಳೋ ಸ್ಕ್ರೀನ್ ರೀಡರ್‌ಗೆ ಅದು ಸರಿಯಾಗಿ ಓದೋಕಾಗಲ್ಲ. ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ್ರೂ ಅರ್ಥ ಇಲ್ಲದ ಅಕ್ಷರ ಕೇಳ್ಸತ್ತೆ, ಯೂನಿಕೋಡಲ್ಲೇ ಟೈಪ್ ಮಾಡಿ. ವೇದಿಕೆಗೆ ರ‍್ಯಾಂಪ್ ಇಲ್ವಾ, ಹಾಗಿದ್ರೆ ಎಲ್ರೂ ಕೆಳಗೇ ಕೂತು ಮಾಡಿ, ಗಾಲಿಕುರ್ಚಿ ಸಮೇತ ಯಾರನ್ನೂ ಎತ್ತಿಕೊಂಡು ಹೋಗ್ಬೇಡಿ. ಕಿವಿ ಕೇಳದವ್ರು ಬರೋದಿದ್ರೆ ಸಂಜ್ಞೆ ಭಾಷೆಯವ್ರನ್ನ ಮುಂಚೆನೇ ಗೊತ್ತು ಮಾಡ್ಕೊಳ್ಳಿ.

ಕಾನೂನಿಗಾಗಿ ಹೋರಾಡಿದವ್ರನ್ನೂ ನೆನೀಬೇಕು. ಜಾವೇದ್ ಅಬಿದಿ ಗಾಲಿಕುರ್ಚಿಯಲ್ಲೇ ಓಡಾಡ್ತಿದ್ದವ್ರು, ಅವ್ರ ಡಿಸೇಬಲ್ಡ್ ರೈಟ್ಸ್ ಗ್ರೂಪ್ 2006ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ ಕೇಸಿಗೆ ತೀರ್ಪು ಬಂದಿದ್ದು 2017ರ ಡಿಸೆಂಬರ್ 15ಕ್ಕೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳೋ ಕನಿಷ್ಠ 5 ಪರ್ಸೆಂಟ್ ಸೀಟನ್ನ ಸರ್ಕಾರಿ, ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳು ಕೊಡಲೇಬೇಕು ಅಂತ ಕೋರ್ಟು ಹೇಳ್ತು, ಮೂರು ತಿಂಗಳು ಕಳೆಯೋದ್ರೊಳಗೆ ಅವ್ರು ತೀರ್ಕೊಂಡ್ರು. ಅವ್ರ ಬಗ್ಗೆ ಮಾತಾಡೋಕೆ ಆ ಸೀಟಲ್ಲಿ ಓದ್ತಿರೋ ವಿದ್ಯಾರ್ಥಿಗೇ ಮೈಕ್ ಕೊಡಿ. ಕರುಣೆ ಹುಟ್ಸೋ ಭಾಷಣ ಬೇಡ, ಯಾರು ಯಾವ ಪುಸ್ತಕ ಓದಿಕೊಟ್ರು, ಯಾವ ಪೇಪರ್ ಬರೆದ್ರು ಅಂತ ಹೇಳಿದ್ರೆ ಸಾಕು.

ಶಾಲು, ಹಾರ ಹಾಕೋದಾದ್ರೆ ಹಾಕಿ. ಜೊತೆಗೆ ಎಷ್ಟು ಪೇಪರ್ ಬರೆದ್ರು ಅಂತ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಕೊಡಿ, ಆ ಹುಡುಗ್ರಿಗೆ ಮುಂದೆ ಉಪಯೋಗಕ್ಕೆ ಬರತ್ತೆ. ಹಾಗೇ ಬಾಗಿಲ ಹತ್ರ ಒಂದು ರಿಜಿಸ್ಟರ್ ಇಡಿ, ಮುಂದಿನ ಸೆಮಿಸ್ಟರ್ ಪರೀಕ್ಷೆಗೆ ಸ್ಕ್ರೈಬ್ ಆಗೋಕೆ ಇಷ್ಟ ಇರೋರು ಹೋಗೋವಾಗ ಹೆಸರು, ನಂಬರ್ ಬರೆದು ಹೋಗ್ಲಿ.