ಒಂದೇ ಕೋಣೆಯಲ್ಲಿ ಮೂರು ತರಗತಿ: ನಲಿಕಲಿ ನಡೆಸುವ ಬಗೆ

ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಗೆ ಹೊಸದಾಗಿ ಬಂದ ಶಿಕ್ಷಕರು ಮೊದಲು ಕಾಣುವುದು, ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಕುಳಿತಿರುವ ನೋಟವನ್ನು. 1995ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರಪ್ರದೇಶದ ರಿಷಿವ್ಯಾಲಿ ಶಾಲೆಯ ಪ್ರಯೋಗದಿಂದ ಪ್ರೇರಣೆ ಪಡೆದು ಆರಂಭವಾದ, ಚಟುವಟಿಕೆಗಳ ಮೂಲಕ ಕಲಿಸುವ ‘ನಲಿಕಲಿ’ ಪದ್ಧತಿ ಇಂತಹ ಕೋಣೆಗೆ ಚೆನ್ನಾಗಿ ಒಗ್ಗುತ್ತದೆ.

ಮಕ್ಕಳನ್ನು ತರಗತಿಯಂತೆ ಸಾಲಾಗಿ ಕೂರಿಸಬೇಡಿ. ಪ್ರತಿ ಮಗುವೂ ಕಲಿಕಾ ಏಣಿಯ (ಕಲಿಯಬೇಕಾದ ಚಟುವಟಿಕೆಗಳನ್ನು ಮೆಟ್ಟಿಲುಗಳಾಗಿ ಜೋಡಿಸಿದ ಪಟ್ಟಿ) ಯಾವ ಮೆಟ್ಟಿಲಿನಲ್ಲಿದೆ ಎಂಬುದನ್ನು ಮಕ್ಕಳ ಕಲಿಕೆಯನ್ನು ದಾಖಲಿಸುವ ‘ಪ್ರಗತಿ ನೋಟ’ದಲ್ಲಿ ನೋಡಿಕೊಂಡು, ಶಿಕ್ಷಕರ ಪೂರ್ಣ ಸಹಾಯ ಬೇಕಾದವರಿಂದ ಹಿಡಿದು ಸ್ವಂತವಾಗಿ ಕಲಿಯಬಲ್ಲವರವರೆಗೆ ಐದು ಗುಂಪುಗಳನ್ನು ಮಾಡಿಕೊಳ್ಳಿ. ನೀವು ಮೊದಲ ಗುಂಪಿನ ಜೊತೆಗೆ ನೆಲದ ಮೇಲೆಯೇ ಕುಳಿತುಕೊಳ್ಳಿ. ಕುರ್ಚಿಯಿಂದ ಈ ಕೆಲಸ ಸಾಗದು.

ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಆರಂಭಿಸದೆ ರ, ಗ, ಸ, ದ, ಅ ಎಂಬ ಗುಂಪಿನಿಂದ ಆರಂಭಿಸುವುದು ಇಲ್ಲಿನ ರೂಢಿ. ಇದರಿಂದ ಕೆಲವೇ ದಿನಗಳಲ್ಲಿ ಮಗುವು ‘ಅರಸ’, ‘ಸರ’, ‘ಅಗಸ’ ಎಂದು ಓದಬಲ್ಲದು. ‘ಅಆಇಈ ಯಾಕೆ ಹೇಳಿಕೊಡುತ್ತಿಲ್ಲ ಮೇಷ್ಟ್ರೇ?’ ಎಂದು ಪೋಷಕರು ಕೇಳಿದರೆ, ವಾದಕ್ಕಿಳಿಯದೆ ಅವರ ಮಗುವಿನಿಂದಲೇ ಈ ಪದಗಳನ್ನು ಓದಿಸಿ ತೋರಿಸಿ.

ಮಕ್ಕಳ ಚಿತ್ರ, ಬರಹಗಳನ್ನು ತಲೆಯ ಮೇಲಿನ ಕಲಿಕಾ ಚಪ್ಪರಕ್ಕೆ ತೂಗುಹಾಕಿ, ಆಗಾಗ ಬದಲಾಯಿಸಿ. ಸುಗ್ಗಿಯ ಕಾಲದಲ್ಲಿ ಕೆಲವು ಮಕ್ಕಳು ವಾರಗಟ್ಟಲೆ ಬಾರದಿದ್ದರೆ ಗದರಿಸಬೇಡಿ. ಸಂಜೆ ಮನೆಗೆ ಹೋಗಿ ವಿಚಾರಿಸಿ, ಮರಳಿ ಬಂದಾಗ ಬಿಟ್ಟುಹೋದ ಮೆಟ್ಟಿಲಿನಿಂದಲೇ ಮುಂದುವರಿಸಿ.