ಮಳೆ ಲೆಕ್ಕದ ಪುಸ್ತಕ

ಮಲೆನಾಡಿನವರಿಗೆ ಮಳೆಗಾಲದ ಮಂಕು ಹೊಸದೇನಲ್ಲ. ಪುನರ್ವಸು ಹಿಡಿದರೆ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ, ಬಟ್ಟೆ ಒಣಗುವುದಿಲ್ಲ, ಕರೆಂಟು ಇರುವುದಿಲ್ಲ. ಬಚ್ಚಲೊಲೆ ಮುಂದೆ ಕೂತು ಹಲಸಿನ ಬೀಜ ಸುಟ್ಟು ತಿನ್ನುತ್ತಾ ದಿನ ದೂಡುತ್ತೇವೆ. ಆದರೆ 2019ರಲ್ಲಿ ನನ್ನನ್ನು ಹಿಡಿದದ್ದು ಆ ಬಗೆಯ ಮಂಕಲ್ಲ.

ತೀರ್ಥಹಳ್ಳಿ ಸೀಮೆಯಲ್ಲಿ ನಮ್ಮದು ಎರಡೂವರೆ ಎಕರೆ ಅಡಿಕೆ ತೋಟ. ಆ ವರ್ಷ ಮಳೆ ತಡವಾಗಿ ಬಂತು. ಬಂದ ಮೇಲೆ, ಆಗಸ್ಟ್ ಮೊದಲ ವಾರದಲ್ಲಿ, ಆಕಾಶ ಹರಿದ ಹಾಗೆ ಸುರಿಯಿತು. ಅಡಿಕೆಗೆ ಕೊಳೆರೋಗ ಬಾರದಂತೆ ಮೊದಲನೇ ಸಲದ ಬೋರ್ಡೋ ದ್ರಾವಣ ಹೊಡೆಸಿ ಆಗಿತ್ತು. 40–45 ದಿನಕ್ಕೆ ಎರಡನೇದು ಆಗಬೇಕು. ಮೈಲುತುತ್ತ, ಸುಣ್ಣ ಎಲ್ಲ ತಂದಿಟ್ಟುಕೊಂಡು ಮಳೆ ಬಿಡುವ ಒಂದು ಹೊಳವಿಗಾಗಿ ಕಾದೆ. ಹೊಳವಾಗಲಿಲ್ಲ. ಕೊಳೆ ಬಂತು. ರಾತ್ರಿ ಮಲಗಿದರೆ ಮಳೆಯ ಸದ್ದಿನ ನಡುವೆಯೂ ಮನೆ ಹಿಂದಿನ ತೋಟದಲ್ಲಿ ಹಸಿರಡಿಕೆ ಉದುರುವುದು ಕೇಳಿಸುತ್ತಿತ್ತು. ಟಪ್. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಟಪ್. ನಾನು ಎಣಿಸುತ್ತಾ ಮಲಗಿರುತ್ತಿದ್ದೆ.

ಹದಿನೈದು ದಿನದಲ್ಲಿ ನಾನು ತೋಟಕ್ಕೆ ಇಳಿಯುವುದನ್ನೇ ಬಿಟ್ಟೆ. ಊಟ ಸೇರುತ್ತಿರಲಿಲ್ಲ, ಯಾರಾದರೂ ಮಾತಾಡಿಸಿದರೆ ಅಳು ಬರುತ್ತಿತ್ತು. ಹೆಂಡತಿ ಹಟ ಹಿಡಿದು ಶಿವಮೊಗ್ಗಕ್ಕೆ ಮಾನಸಿಕ ವೈದ್ಯರ ಹತ್ತಿರ ಕರೆದುಕೊಂಡು ಹೋದಳು. ಇದನ್ನು ಮುಚ್ಚಿಡುವುದಿಲ್ಲ. ಎಂಟು ತಿಂಗಳು ಮಾತ್ರೆ ತಗೊಂಡಿದ್ದೇನೆ, ಅದರಿಂದ ನಿದ್ದೆ ಬಂತು, ಎದೆಯ ಭಾರ ಇಳಿಯಿತು. ಮಾತ್ರೆಯ ಜಾಗದಲ್ಲಿ ಕಪ್ಪೆ, ಹಕ್ಕಿ ನೋಡಿ ಅಂತ ನಾನು ಯಾರಿಗೂ ಹೇಳುತ್ತಿಲ್ಲ. ಆ ವೈದ್ಯರೇ ಇನ್ನೊಂದು ಮಾತು ಹೇಳಿದ್ದರು: ಬೆಳಗ್ಗೆ ಸ್ವಲ್ಪ ಹೊತ್ತಾದರೂ ಮನೆಯಿಂದ ಹೊರಗಿರಿ, ಎಷ್ಟೇ ಮೋಡವಿದ್ದರೂ ಹೊರಗಿನ ಬೆಳಕು ಒಳಗಿನ ಬಲ್ಬಿಗಿಂತ ಎಷ್ಟೋ ಪಾಲು ಹೆಚ್ಚು, ದೇಹದ ಗಡಿಯಾರಕ್ಕೆ ಅದು ಬೇಕು.

ಹೊರಗೆ ಹೋಗುವುದಕ್ಕೆ ನೆಪ ಬೇಕಿತ್ತು. ನೆಪ ಅಂಗಳದಲ್ಲೇ ಇತ್ತು.

ಅಪ್ಪನ ಕಾಲದಿಂದ ನಮ್ಮಲ್ಲಿ ಮಳೆ ಅಳೆಯುವ ರೂಢಿ. ಹವಾಮಾನ ಇಲಾಖೆಯವರ ಹಾಗೆ ದಿನಾ ಬೆಳಗ್ಗೆ 8:30ಕ್ಕೆ ಮಾಪಕದ ನೀರು ಅಳೆದು, ಉದ್ದ ಪುಸ್ತಕದಲ್ಲಿ ತಾರೀಕು, ಮಿಲಿಮೀಟರು, ಷರಾ ಅಂತ ಮೂರು ಕಾಲಮ್ಮಿನಲ್ಲಿ ಬರೆಯುವುದು. ಷರಾದಲ್ಲಿ ಅಪ್ಪ ‘ಗೊನೆ ತೆಗೆಸಿದ್ದು’, ‘ಗೌರಿ ಕರು ಹಾಕಿತು’ ಅಂತ ಬರೆಯುತ್ತಿದ್ದರು. ನಾನು ಮಲಗಿದ ಮೇಲೆ ಲೆಕ್ಕ ತಪ್ಪಬಾರದೆಂದು ಹೆಂಡತಿ ಅಳೆಯುತ್ತಿದ್ದಳು, ಅಂಕಿ ಮಾತ್ರ ಬರೆಯುತ್ತಿದ್ದಳು. ಒಂದು ಬೆಳಗ್ಗೆ ಅಡುಗೆಮನೆಯಿಂದಲೇ ಕೂಗಿದಳು: “ಇವತ್ತು ನೀವೇ ನೋಡ್ಕೊಂಡು ಬನ್ನಿ, ನಾನು ದೋಸೆ ಹುಯ್ಯುತ್ತಾ ಇದೀನಿ.”

ಕೊಡೆ ಹಿಡಿದು ಹೋದೆ. ಮಾಪಕದ ಲಾಳಿಕೆಯೊಳಗೆ ಹೆಬ್ಬೆರಳಿನ ಉಗುರಿನಷ್ಟು ಒಂದು ಕಪ್ಪೆ ಕೂತಿತ್ತು. ತೆಳು ಕಂದು ಮೈ, ಬೆನ್ನ ಮೇಲೆ ಒಂದು ಗೆರೆ. ಲಾಳಿಕೆಯ ಇಳಿಜಾರಿಗೆ ನಾಲ್ಕೂ ಕಾಲು ಅಂಟಿಸಿಕೊಂಡಿದೆ. ಮಳೆಹನಿ ಬೆನ್ನಿಗೆ ಬಿದ್ದಾಗ ಅದರ ಕಣ್ಣು ಒಳಗೆ ಹೋಗಿ ಮತ್ತೆ ಮೇಲೆ ಬರುತ್ತಿತ್ತು. ಗಂಟಲು ಮಾತ್ರ ನಿಲ್ಲದೆ ಮಿಡಿಯುತ್ತಿತ್ತು. ಎಷ್ಟು ಹೊತ್ತು ನಿಂತೆನೋ, ದೋಸೆ ಆರಿತು ಅಂತ ಒಳಗಿಂದ ಕರೆದಾಗಲೇ ಎಚ್ಚರ. ಷರಾದಲ್ಲಿ ಬರೆದೆ: ‘118. ಲಾಳಿಕೆಯಲ್ಲಿ ಕಪ್ಪೆ.’

ಮಾರನೇ ದಿನ ಎದ್ದಾಗ ತಲೆಗೆ ಮೊದಲು ಬಂದದ್ದು ಉದುರಿದ ಅಡಿಕೆಯಲ್ಲ, ಆ ಕಪ್ಪೆ ಇದೆಯೋ ಇಲ್ಲವೋ ಅನ್ನುವುದು. ಇರಲಿಲ್ಲ. ಆದರೆ ಏನನ್ನೋ ನೋಡಬೇಕು ಅಂತ ಆಸೆ ಹುಟ್ಟಿತ್ತಲ್ಲ, ಎಷ್ಟೋ ದಿನದಿಂದ ನನಗೆ ಆಸೆ ಅನ್ನುವುದೇ ಇರಲಿಲ್ಲ.

ಅಲ್ಲಿಂದ ಅದೇ ಅಭ್ಯಾಸವಾಯಿತು. ಮೊಬೈಲು ಒಳಗೇ ಇರಲಿ. ಅಂಗಳ, ಕೊಟ್ಟಿಗೆಯ ಹಿಂದೆ, ತೋಟದ ನೀರು ಬಸಿಯುವ ಮೊದಲ ಕಾದಿಗೆ, ಇಷ್ಟೇ ದಾರಿ. ಒಂದು ದಿನಕ್ಕೆ ಒಂದೇ ಸಂಗತಿ, ಅದು ಅಲುಗಾಡುವವರೆಗೋ ಬದಲಾಗುವವರೆಗೋ ಅಲ್ಲೇ ನಿಲ್ಲುವುದು. ಬಂದು ಕೂರುವ ಮೊದಲೇ ಬರೆಯುವುದು. ಏನೂ ಹಿಡಿಸದ ದಿನ ‘ಏನೂ ಇಲ್ಲ’ ಅಂತಲೇ ಬರೆದಿದ್ದೇನೆ, ಅಂಥ ಸಾಲುಗಳು ಮೊದಲ ತಿಂಗಳಲ್ಲಿ ಬಹಳ ಇವೆ. ಚೆಂದ ಕಾಣಲೇಬೇಕು ಅಂತ ಮನಸ್ಸಿಗೆ ಒತ್ತಾಯ ಮಾಡಿದರೆ ಅದು ಇನ್ನಷ್ಟು ಮುದುಡುತ್ತದೆ.

ಈ ನಡುವೆ ಭಾವ ಬಂದು, “ಜೋಗ ತುಂಬಿದೆ, ನೋಡಿದರೆ ಮನಸ್ಸು ಹಗುರಾಗ್ತದೆ” ಅಂತ ಕಾರಿನಲ್ಲಿ ಕರೆದುಕೊಂಡು ಹೋದರು. ಪ್ರೀತಿಯಿಂದಲೇ ಮಾಡಿದ್ದು. 253 ಮೀಟರಿನಿಂದ ಅಷ್ಟು ನೀರು ಧುಮುಕುವುದನ್ನು ನೋಡುತ್ತಾ, ಎಲ್ಲರೂ ಕೇಕೆ ಹಾಕುವಾಗ, ನನಗೆ ಮಾತ್ರ ಯಾಕೆ ಏನೂ ಅನ್ನಿಸುತ್ತಿಲ್ಲ ಅಂತ ಇನ್ನೂ ಕುಗ್ಗಿ ಮನೆಗೆ ಬಂದೆ. ಸೋತ ಮನಸ್ಸಿಗೆ ದೊಡ್ಡದು ಹೊರೆಯಾಗುತ್ತದೆ. ಕಪ್ಪೆ ನನ್ನಿಂದ ಏನನ್ನೂ ಕೇಳಿರಲಿಲ್ಲ.

ಮತ್ತೊಂದು ದಿನ ಹಳ್ಳದ ಕಡೆಯಿಂದ ಮಳೆಯ ಸದ್ದನ್ನು ಸೀಳಿಕೊಂಡು ಸಿಳ್ಳೆ ಕೇಳಿಸಿತು. ನಮ್ಮ ಮನೆಯಲ್ಲಿ ಅದನ್ನು ಸಿಳ್ಳೆಹಕ್ಕಿ ಅನ್ನುತ್ತೇವೆ. ಶಾಲೆಗೆ ಹೊರಟ ಹುಡುಗ ಹಾಡಿನ ಅರ್ಧ ಮರೆತು ಮತ್ತೆ ಮೊದಲಿಂದ ಶುರುಮಾಡಿದ ಹಾಗೆ ಅದರ ರಾಗ. ಬಂಡೆಯ ಮೇಲೆ ಕಪ್ಪಗೆ ಕೂತಿತ್ತು, ತಿರುಗಿದಾಗ ಭುಜದಲ್ಲಿ ನೀಲಿ ಹೊಳೆಯಿತು. ನನ್ನ ಐವತ್ತೆರಡು ವರ್ಷದಲ್ಲಿ ಪ್ರತಿ ಮಳೆಗಾಲವೂ ಕೇಳಿದ ಸಿಳ್ಳೆಯೇ, ನಿಂತು ಪೂರ್ತಿ ಕೇಳಿದ್ದು ಅಂದೇ.

ಗೌರಿ ಹಬ್ಬದ ಹೊತ್ತಿಗೆ ಅಂಗಳದ ಅಂಚಿನಲ್ಲಿ ಕರ್ಣಕುಂಡಲ ಹೂಬಿಟ್ಟು ಕಾಯಾಗಿತ್ತು. ಅಮ್ಮ ಹಾಕಿದ ಗಿಡದ ಸಂತತಿ, ಬೀಜ ಬಿದ್ದು ತಾನೇ ಹುಟ್ಟುತ್ತದೆ. ಉಬ್ಬಿದ ಒಂದು ಕಾಯಿಯ ತುದಿಯನ್ನು ಬೆರಳಿನಿಂದ ಮುಟ್ಟಿದೆ. ಪಟ್ಟನೆ ಸಿಡಿದು ಬೀಜ ಮುಖಕ್ಕೇ ಎರಚಿತು, ಸಿಪ್ಪೆ ಬೆರಳಿಗೆ ಸುರುಳಿ ಸುತ್ತಿಕೊಂಡಿತು. ನಾನು ಜೋರಾಗಿ ನಕ್ಕುಬಿಟ್ಟೆ. ಕೊಟ್ಟಿಗೆಯಲ್ಲಿದ್ದ ಹೆಂಡತಿ ಹಾಲಿನ ಚೊಂಬು ಹಿಡಿದುಕೊಂಡೇ ಓಡಿಬಂದಳು. ಇನ್ನೊಂದು ಕಾಯಿ ತೋರಿಸಿ, “ನೀನು ಮುಟ್ಟು” ಅಂದೆ. ಅವಳು ಮುಟ್ಟಿದಳು. ಕಣ್ಣು ಒರೆಸಿಕೊಂಡಳು.

ಆ ವರ್ಷ ಬೆಳೆ ಅರ್ಧಕ್ಕರ್ಧ ಹೋಯಿತು, ಸಾಲ ತೀರಲು ಮೂರು ವರ್ಷ ಹಿಡಿಯಿತು. ಈಗಲೂ ಆಶ್ಲೇಷ ಮಳೆ ಬಿಡದೆ ಹೊಡೆದರೆ ರಾತ್ರಿ ಕಿವಿ ತೋಟದ ಕಡೆಗೇ ಹೋಗುತ್ತದೆ. ಬೆಳಗ್ಗೆ 8:30ಕ್ಕೆ ಕೊಡೆ ಹಿಡಿದು ಇಳಿಯುತ್ತೇನೆ.

ಕಳೆದ ಮಳೆಗಾಲ ಎರಡು ದಿನ ಜ್ವರದಲ್ಲಿ ಮಲಗಿದ್ದೆ. ಎದ್ದು ಪುಸ್ತಕ ತೆಗೆದರೆ ಷರಾ ಖಾಲಿ ಇರಲಿಲ್ಲ. ಹೆಂಡತಿಯ ದುಂಡು ಅಕ್ಷರದಲ್ಲಿ ಇತ್ತು: ‘64. ದಾಸವಾಳದ ಎಲೆಯಡಿ ಟುವ್ವಿಹಕ್ಕಿ. ನೆನೆದಿಲ್ಲ.’