ಓಡುತ್ತಿರುವ ರ‍್ಯಾಕ್‌ನಲ್ಲಿ ಕಾರ್ಡ್ ಬದಲಿಸುವುದು ಹೇಗೆ?

ಪವರ್ ಸಪ್ಲೈ ಎರಡು, ಸ್ವಿಚ್ ಎರಡು, ಫ್ಯಾನ್ ಬೇಕಾದಷ್ಟು. ಬ್ಯಾಕ್‌ಪ್ಲೇನ್ ಎಂಬ, ಕಾರ್ಡುಗಳೆಲ್ಲ ಸಿಕ್ಕಿಕೊಳ್ಳುವ ಹಿಂದಿನ ಹಲಗೆ ಮಾತ್ರ ಒಂದೇ. ಮೈಸೂರಿನ ಹೂಟಗಳ್ಳಿಯಲ್ಲೋ ಹೆಬ್ಬಾಳದಲ್ಲೋ ಕಾರ್ಖಾನೆಯ ಲೈನ್ ನಿಲ್ಲಬಾರದೆಂದು ಕಾಂಪ್ಯಾಕ್ಟ್ ಪಿಸಿಐ (ಸ್ಲಾಟಿಗೆ ಕಾರ್ಡು ತಳ್ಳಿ ಕೂರಿಸುವ ಕೈಗಾರಿಕಾ ಕಂಪ್ಯೂಟರ್) ರ‍್ಯಾಕ್ ಕೂರಿಸಿದವರು ಮರೆಯುವುದು ಇದನ್ನೇ. ಈ ಜಾತಿಯ ರ‍್ಯಾಕ್‌ನಲ್ಲಿ ಪಿನ್ನುಗಳಿರುವುದು ಬ್ಯಾಕ್‌ಪ್ಲೇನ್ ಮೇಲೆ, ತೂತುಗಳಿರುವುದು ಕಾರ್ಡಿನಲ್ಲಿ. ಅವಸರದಲ್ಲಿ ಒಂದು ಪಿನ್ ಬಗ್ಗಿಸಿದರೆ ಬದಲಿಸಬೇಕಾದದ್ದು ಕಾರ್ಡಲ್ಲ, ಇಡೀ ಬೆನ್ನುಹಲಗೆ.

1. ಸ್ಲಾಟ್ ಗುರುತು ನೋಡಿ. ತ್ರಿಕೋನವಿದ್ದರೆ ಅದು ಸಿಸ್ಟಂ ಸ್ಲಾಟ್, ಸಿಪಿಯು ಕಾರ್ಡಿನ ಜಾಗ. ಜೋಡಿ ಸಿಪಿಯುಗೆಂದೇ ಮಾಡಿದ ರ‍್ಯಾಕ್ ಅಲ್ಲದಿದ್ದರೆ ಓಡುವಾಗ ಅದನ್ನು ಮುಟ್ಟಬೇಡಿ. ವೃತ್ತವಿದ್ದರೆ ಮುಂದುವರಿಯಿರಿ.

2. ಕೀಲಿಯ (ಕನೆಕ್ಟರಿನಲ್ಲಿರುವ ಪುಟ್ಟ ಪ್ಲಾಸ್ಟಿಕ್ ತುಂಡಿನ) ಬಣ್ಣ ಹೊಂದಿಸಿ. ಹಳದಿ 3.3 ವೋಲ್ಟ್, ನೀಲಿ 5 ವೋಲ್ಟ್. ಕೂರುತ್ತಿಲ್ಲವೆಂದು ಕೀಲಿ ಕಿತ್ತುಹಾಕುವ ಜಾಣರೂ ಇದ್ದಾರೆ. ಅದು ಸುಡುವ ದಾರಿ.

3. ಮೈಯ ಸ್ಥಿರ ವಿದ್ಯುತ್ತನ್ನು ಹರಿಸಿಬಿಡುವ ಮಣಿಕಟ್ಟಿನ ಪಟ್ಟಿ ಕಟ್ಟಿ, ತಂತಿಯನ್ನು ರ‍್ಯಾಕ್‌ನ ಲೋಹಕ್ಕೆ ಸಿಕ್ಕಿಸಿ. 1 ಮೆಗಾಓಮ್ ರೆಸಿಸ್ಟರ್ ಇರುವ ಪಟ್ಟಿಯೇ ಬೇಕು. ತಂತಿಯಿಲ್ಲದ ‘ವೈರ್‌ಲೆಸ್’ ಪಟ್ಟಿ ಎಂದು ಮಾರುತ್ತಾರಲ್ಲ, ಅದು ಬರೀ ಬಳೆ. ಶಿವರಾತ್ರಿ ಕಳೆದ ಮೇಲಿನ ಒಣ ಗಾಳಿಯಲ್ಲಿ ಇದನ್ನು ತಪ್ಪಿಸಲೇಬೇಡಿ.

4. ಕೆಡುವುದು ಇಲ್ಲೇ. ಕೆಳಗಿನ ಎಜೆಕ್ಟರ್ ಹಿಡಿಯನ್ನು ಸ್ವಲ್ಪವೇ ಸಡಿಲಿಸಿ, ಕೈ ತೆಗೆಯಿರಿ. ಹಿಡಿಯೊಳಗಿನ ಪುಟ್ಟ ಸ್ವಿಚ್ ‘ಎನಮ್’ ಸಂಕೇತ ಕಳಿಸಿ, ಕಾರ್ಡು ಹೊರಡಲಿದೆಯೆಂದು ಹೇಳುತ್ತದೆ. ಸಾಫ್ಟ್‌ವೇರ್ ಆ ಕಾರ್ಡಿನ ಡ್ರೈವರನ್ನು ಸುಮ್ಮನಾಗಿಸಿ ನೀಲಿ ದೀಪ ಹೊತ್ತಿಸುತ್ತದೆ. ಒಂದು ಕ್ಷಣವೂ ಆಗಬಹುದು, ಅರ್ಧ ನಿಮಿಷವೂ ಆಗಬಹುದು. ದೀಪ ಬಂದ ಮೇಲೆಯೇ ಕಾರ್ಡ್ ಎಳೆಯಿರಿ. ದೀಪಕ್ಕೆ ಮೊದಲೇ ಎಳೆದರೆ ಡ್ರೈವರ್, ಅಲ್ಲಿಲ್ಲದ ಕಾರ್ಡನ್ನು ಓದಲು ಹೋಗುತ್ತದೆ, ಸಿಗುವುದು ಬರೀ ಒಂದುಗಳು, ಇಡೀ ಯಂತ್ರ ಅಲ್ಲೇ ಹೆಪ್ಪುಗಟ್ಟುತ್ತದೆ. ದೀಪ ಬರಲೇ ಇಲ್ಲವೇ? ಹಿಡಿ ಮತ್ತೆ ಮುಚ್ಚಿ, ಯಾವ ಪ್ರೋಗ್ರಾಂ ಕಾರ್ಡನ್ನು ಬಿಡುತ್ತಿಲ್ಲ ಎಂದು ಹುಡುಕಿ. ಬಲ ಹಾಕುವುದು ಉತ್ತರವಲ್ಲ. ಓಡುವಾಗಲೇ ಕಾರ್ಡ್ ಬದಲಿಸುವ ಸೌಲಭ್ಯದ ಸರಳ ಬಗೆಯಾದ ಬೇಸಿಕ್ ಹಾಟ್‌ಸ್ವ್ಯಾಪ್ ರ‍್ಯಾಕ್‌ನಲ್ಲಿ ಈ ಸಂಕೇತವನ್ನು ನಂಬುವ ಹಾಗಿಲ್ಲ; ಕಾರ್ಡ್ ನಿಲ್ಲಿಸುವ ಆದೇಶವನ್ನು ಕನ್ಸೋಲ್‌ನಲ್ಲಿ ನೀವೇ ಕೊಡಬೇಕು.

5. ಹೊಸ ಕಾರ್ಡಿನ ಕನೆಕ್ಟರ್ ತೂತುಗಳನ್ನು ಟಾರ್ಚ್ ಹಾಕಿ ಸಾಲುಸಾಲಾಗಿ ನೋಡಿ, ಖಾಲಿ ಸ್ಲಾಟಿನ ಪಿನ್ನುಗಳನ್ನೂ ನೋಡಿ. ಇದು ಅಂಟುರೋಗ: ಬಾಗಿದ ಪಿನ್ ಒಳ್ಳೆಯ ಕಾರ್ಡಿನ ತೂತು ಕೆಡಿಸುತ್ತದೆ, ಕೆಟ್ಟ ತೂತು ಇನ್ನೊಂದು ಸ್ಲಾಟಿನ ಪಿನ್ ಬಗ್ಗಿಸುತ್ತದೆ. ‘ಬೇರೆ ಸ್ಲಾಟಿಗೆ ಹಾಕಿ ನೋಡೋಣ’ ಎನ್ನುವ ಮೊದಲು ಟಾರ್ಚ್ ಹಿಡಿಯಿರಿ. ಕಬ್ಬಿನ ಸಿಪ್ಪೆಯ ಧೂಳು ಹಾರುವ ಮಂಡ್ಯ ಕಡೆಯ ಗಿರಣಿಗಳಲ್ಲಿ ತೂತಿನಲ್ಲಿ ನಾರೂ ಸಿಕ್ಕಿಕೊಂಡಿರುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಬೇಡ, ಅದು ಎಣ್ಣೆ ಬಿಟ್ಟುಹೋಗುತ್ತದೆ. 99% ಐಸೋಪ್ರೊಪೈಲ್ ಆಲ್ಕೋಹಾಲ್ ಸಾಕು.

6. ಮೇಲೆ ಕೆಳಗೆ ಎರಡೂ ಗೈಡ್‌ನಲ್ಲಿ ಅಂಚು ಕೂತಿದೆಯೆಂದು ಖಚಿತವಾದ ಮೇಲೆ ಮೆಲ್ಲಗೆ, ಒಂದೇ ಓಟದಲ್ಲಿ ತಳ್ಳಿ. ಪಿನ್ನುಗಳು ಮೂರು ಉದ್ದದವು. ಉದ್ದನೆಯವು ಮೊದಲು ತಾಗಿ ವಿದ್ಯುತ್ತು, ಗ್ರೌಂಡ್ ಕೊಡುತ್ತವೆ; ಆಗಲೇ ಕಾರ್ಡು ತನ್ನ ಸಂಕೇತ ತಂತಿಗಳನ್ನು ಸುಮಾರು 1 ವೋಲ್ಟ್‌ಗೆ ಏರಿಸಿಕೊಂಡು, ಎಲ್ಲ ಕಾರ್ಡೂ ಹಂಚಿಕೊಳ್ಳುವ ಬಸ್‌ಗೆ ಆಘಾತವಾಗದಂತೆ ತಯಾರಾಗುತ್ತದೆ. ಮಧ್ಯಮದವು ಆಮೇಲೆ. ಗಿಡ್ಡನೆಯ ‘ಬೋರ್ಡ್ ಸೆಲೆಕ್ಟ್’ ಕೊನೆಗೆ; ಕಾರ್ಡು ಪೂರ್ತಿ ಕೂತಿತೆಂದು ತಿಳಿಸುವುದು ಅದೇ. ಅರ್ಧಕ್ಕೆ ನಿಲ್ಲಿಸಿ ಅಲ್ಲಾಡಿಸಿದರೆ ಈ ಸರದಿಯೇ ಕಲಸಿಹೋಗುತ್ತದೆ. ಹೊರಗೆಳೆದು ಮೊದಲಿಂದ ತಳ್ಳಿ.

7. ಹಿಡಿ ಮುಚ್ಚಿ, ಸ್ಕ್ರೂ ಬಿಗಿಯಿರಿ. ನೀಲಿ ದೀಪ ಆರಬೇಕು.

ಖರೀದಿಸುವವರಿಗೊಂದು ಮಾತು. ಸಾದಾ ಬ್ಯಾಕ್‌ಪ್ಲೇನ್‌ನಲ್ಲಿ ಬೋರ್ಡ್ ಸೆಲೆಕ್ಟ್ ನೇರ ಗ್ರೌಂಡಿಗೆ ಹೋಗಿರುತ್ತದೆ. ಕಾರ್ಡು ಕೂತೊಡನೆ ಪೂರ್ತಿ ವಿದ್ಯುತ್ತು ಹರಿಯುತ್ತದೆ. ಹೈ-ಅವೈಲಬಿಲಿಟಿ (ಎಂದೂ ನಿಲ್ಲಬಾರದ ಕೆಲಸದ) ಬಗೆಯದರಲ್ಲಿ ಪ್ರತಿ ಸ್ಲಾಟಿಗೂ ಬೇರೆ ತಂತಿ ಇದ್ದು, ಹುಚ್ಚೆದ್ದ ಕಾರ್ಡೊಂದನ್ನೇ ದೂರದಿಂದ ಆರಿಸಬಹುದು. ಬೆಲೆ ಜಾಸ್ತಿ, ಆದರೂ ಅದನ್ನೇ ಕೊಳ್ಳಿ.

ಪಿಐಸಿಎಂಜಿ 2.16 ಎಂಬ ಮಾನದಂಡದ ಬ್ಯಾಕ್‌ಪ್ಲೇನ್ ಆದರೆ ಈಥರ್ನೆಟ್ ಹಲಗೆಯೊಳಗೇ ಹರಿಯುತ್ತದೆ; ಪ್ರತಿ ಕಾರ್ಡಿನಿಂದ ಎರಡು ಸ್ವಿಚ್‌ಗಳಿಗೂ ಒಂದೊಂದು ದಾರಿ. ಸ್ವಿಚ್ ಎಳೆಯುವ ಮೊದಲು ಎರಡನೆಯದರಲ್ಲಿ ಪ್ರತಿ ಕಾರ್ಡಿನ ಲಿಂಕ್ ಜೀವಂತವಿದೆಯೇ ನೋಡಿ. ತಿಂಗಳುಗಟ್ಟಲೆ ಸತ್ತು ಬಿದ್ದಿದ್ದರೂ ಮೊದಲನೆಯದು ಓಡುವವರೆಗೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.